ಸರಸ್ವತಿಪುರಂನ ಬಾಡಿಗೆ ಪುಸ್ತಕದಂಗಡಿ ಮತ್ತು ಅದರೊಳಗಿನ ಇರಾನ್ ರ‍್ಯಾಕು

ಐದಕ್ಕೆ ಐದು ಸ್ಟಾರ್ ಕೊಡ್ತಿದೀನಿ, ಆದ್ರೆ ಪೂರ್ತಿ ಅಂಗಡಿಗಲ್ಲ, ಒಳಗಡೆ ಬಲಗೋಡೆಗೆ ಒರಗಿಸಿರೋ ಒಂದೇ ಒಂದು ರ‍್ಯಾಕ್‌ಗೆ. ಮಿಕ್ಕಿದ್ದೆಲ್ಲ ಮೈಸೂರಿನ ಹಳೇ ಬಾಡಿಗೆ ಪುಸ್ತಕದಂಗಡಿಗಳು ಹೇಗಿರುತ್ವೋ ಹಾಗೇ ಇದೆ, ಮುಂದ್ಗಡೆ ಕೆಎಎಸ್, ಪಿಎಸ್‌ಐ ಗೈಡುಗಳು, ಆಮೇಲೆ ಭೈರಪ್ಪ, ತ್ರಿವೇಣಿ, ತೇಜಸ್ವಿ, ಹಿಂದ್ಗಡೆ ಬೈಂಡು ಕಿತ್ತುಬಂದ ಇಂಗ್ಲಿಷ್ ಥ್ರಿಲ್ಲರ್‌ಗಳು. ಆ ರ‍್ಯಾಕಿನ ಮೇಲೆ ಮಾತ್ರ ರಟ್ಟಿನ ತುಂಡಲ್ಲಿ ಸ್ಕೆಚ್ ಪೆನ್ನಿಂದ 'ಇರಾನ್' ಅಂತ ಕನ್ನಡದಲ್ಲಿ ಬರೆದು ಅಂಟಿಸಿದ್ದಾರೆ. ಇಂಥದ್ದನ್ನ ನಾನು ಮೈಸೂರಲ್ಲಿ ಬೇರೆಲ್ಲೂ ನೋಡಿಲ್ಲ, ಹಾಗಾಗಿ ಸ್ವಲ್ಪ ಉದ್ದಾನೇ ಬರೀತೀನಿ, ಪುರುಸೊತ್ತಾದಾಗ ಓದಿ.

ಇದು ಹೇಗೆ ಬಂತು ಅಂತ ಯಜಮಾನ್ರೇ ಹೇಳಿದ್ದು. ಒಂದು ಕಾಲದಲ್ಲಿ ಮೈಸೂರು ಯೂನಿವರ್ಸಿಟಿಗೆ ಇರಾನಿಂದ ತುಂಬಾ ಹುಡುಗ ಹುಡುಗೀರು ಓದೋಕೆ ಬರ್ತಿದ್ರಲ್ಲ, ನಿಮಗೂ ನೆನಪಿರುತ್ತೆ, ಗಂಗೋತ್ರಿ ಸುತ್ತಮುತ್ತ, ಸರಸ್ವತಿಪುರಂ, ಕುವೆಂಪುನಗರ ಕಡೆ ಮನೆ ಬಾಡಿಗೆಗೆ ಹಿಡಿದು ಇರ್ತಿದ್ರು, ಸಾಯಂಕಾಲ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ವಾಕಿಂಗ್ ಹೋದ್ರೆ ಪರ್ಷಿಯನ್ ಮಾತು ಕಿವಿಗೆ ಬೀಳ್ತಿತ್ತು. ಅವರಲ್ಲಿ ಕೆಲವರು ಕೋರ್ಸ್ ಮುಗಿಸಿ ಊರಿಗೆ ಹೊರಡುವಾಗ ಲಗೇಜಿಗೆ ಹಿಡಿಸದ ಪುಸ್ತಕಗಳನ್ನ ಇಲ್ಲಿ ಕೊಟ್ಟು ಹೋದ್ರಂತೆ. ಪರ್ಷಿಯನ್‌ದು ಯಾರಿಗೂ ಓದೋಕೆ ಬರಲ್ಲ, ಅವು ಈಗಲೂ ಮೇಲಿನ ಹಲಗೇಲಿ ಹಾಗೇ ಕೂತಿವೆ, ಬಾಡಿಗೆಗಿಲ್ಲ. ಆದ್ರೆ ಅವರು ಇವರ ಹತ್ರ ಒಂದಷ್ಟು ಹೆಸರು ಹೇಳಿ ಹೋಗಿದ್ರು, ಇವರನ್ನ ಓದಿ, ಅವರನ್ನ ಓದಿ ಅಂತ. ಯಜಮಾನ್ರು ಆ ಹೆಸರು ಹಿಡ್ಕೊಂಡು ಇಂಗ್ಲಿಷ್ ಅನುವಾದಗಳನ್ನ ಒಂದೊಂದಾಗಿ ತರಿಸೋಕೆ ಶುರು ಮಾಡಿದ್ರು, ದೇವರಾಜ ಅರಸ್ ರೋಡಿನ ಸೆಕೆಂಡ್ ಹ್ಯಾಂಡಿಂದ ಸ್ವಲ್ಪ, ಬೆಂಗಳೂರಿನ ಚರ್ಚ್ ಸ್ಟ್ರೀಟಿಂದ ಸ್ವಲ್ಪ, ಇತ್ತೀಚೆಗೆ ಆನ್‌ಲೈನ್.

ಡೆಪಾಸಿಟ್ 500 ರೂಪಾಯಿ, ಬಾಡಿಗೆ ಪುಸ್ತಕದ ಬೆಲೆಯ ಹತ್ತು ಪರ್ಸೆಂಟ್, ಎರಡು ವಾರ ಇಟ್ಕೋಬಹುದು. ಇರಾನ್ ರ‍್ಯಾಕಿಂದಕ್ಕೆ ಮೂರು ವಾರ ಕೊಡ್ತಾರೆ, ಇದಕ್ಕೆ ಟೈಮ್ ಬೇಕಾಗುತ್ತೆ ಸಾರ್ ಅಂತಾರೆ, ನಿಜವಾಗ್ಲೂ ಬೇಕು.

ಇನ್ನೊಂದು ವಿಶೇಷ, ಈ ರ‍್ಯಾಕಿನ ಪುಸ್ತಕಕ್ಕೆಲ್ಲ ಬ್ರೌನ್ ಪೇಪರ್ ಬೈಂಡ್ ಹಾಕಿದ್ದಾರೆ, ಸ್ಕೂಲ್ ಪುಸ್ತಕಕ್ಕೆ ಹಾಕ್ತೀವಲ್ಲ ಅದೇ. ಯಾಕೆ ಅಂತ ಕೇಳಿದ್ದಕ್ಕೆ ಒಂದು ಬೈಂಡ್ ಬಿಚ್ಚಿ ತೋರಿಸಿದ್ರು. ಕಪ್ಪು ಬಟ್ಟೆ ಸುತ್ತಿದ ಹೆಂಗಸಿನ ಕಣ್ಣು. ಇನ್ನೊಂದು ಬಿಚ್ಚಿದ್ರು, ಅದರಲ್ಲೂ ಅದೇ. "ಪುಸ್ತಕದೊಳಗೆ ಇರೋದು ಬೇರೆ, ಹೊರಗೆ ಮಾರ್ತಿರೋದು ಬೇರೆ, ಜನ ಕವರ್ ನೋಡಿ ಅಯ್ಯೋ ಪಾಪ ಅಂತ ತಗೊಂಡ್ಹೋಗ್ತಾರೆ, ಹಾಗೆ ಓದೋದು ಬೇಡ" ಅಂದ್ರು. ಬೆನ್ನ ಮೇಲೆ ಕನ್ನಡದಲ್ಲಿ ಪುಸ್ತಕದ ಹೆಸರು, ಬರೆದೋರ ಹೆಸರು, ಕೆಳಗೆ ಅನುವಾದ ಮಾಡಿದೋರ ಹೆಸರು, ಮೂರನ್ನೂ ಕೈಯಲ್ಲಿ ಬರೆದಿದ್ದಾರೆ. ಅನುವಾದಕರ ಹೆಸರನ್ನ ಬೆನ್ನ ಮೇಲೆ ಹಾಕೋ ಪಬ್ಲಿಷರ್‌ಗಳೇ ಅಪರೂಪ, ಇಲ್ಲಿ ಒಬ್ಬ ಬಾಡಿಗೆ ಲೈಬ್ರರಿಯೋರು ಹಾಕ್ತಿದ್ದಾರೆ, ಇದು ನಂಗೆ ತುಂಬಾ ಹಿಡಿಸ್ತು.

ಸರ್ವೀಸ್ ಅಂದ್ರೆ ನಾನು ಹೇಳೋದು ಮುಖ್ಯವಾಗಿ ಇದನ್ನ, ಕೈಗೆ ಸಿಕ್ಕಿದ್ದು ಕೊಟ್ಟು ಕಳಿಸಲ್ಲ. ನಾನು ಮೊದಲನೇ ಸಲ ಹೋದಾಗ ಕೇಳಿದ್ದು ಸಾದಿಕ್ ಹೆದಾಯತ್ ಅವರ 'ದಿ ಬ್ಲೈಂಡ್ ಔಲ್', ಹೆಸರು ಕೇಳಿದ್ದೆ ಅಂತ. ಕೊಡ್ಲಿಲ್ಲ. "ನಿಮ್ಮೂರು ಯಾವ್ದು?" ಅಂದ್ರು. ಮಂಡ್ಯ ಜಿಲ್ಲೆ, ಪಾಂಡವಪುರದ ಹತ್ರ ಅಂದೆ. "ಜಮೀನಿದ್ಯಾ?" ಇದೆ ಸಾರ್, ಸ್ವಲ್ಪ, ನಾಲೆ ಬಯಲಲ್ಲಿ ಅಂದೆ. ಎದ್ದು ಹೋಗಿ ಮಹಮೂದ್ ದೌಲತಾಬಾದಿ ಅವರ 'ಮಿಸ್ಸಿಂಗ್ ಸೊಲೂಚ್' ತಂದು ಕೈಗಿಟ್ರು, ಕಮ್ರಾನ್ ರಸ್ತೆಗಾರ್ ಅನುವಾದ, ದಪ್ಪ ಪುಸ್ತಕ. ಇದನ್ನ ಮುಗಿಸಿ ಬನ್ನಿ, ಆಮೇಲೆ ಮಾತಾಡೋಣ ಅಂದ್ರು.

ಮೆರ್ಗಾನ್ ಅಂತ ಒಬ್ಬ ಹೆಂಗಸು ಬೆಳಗ್ಗೆ ಎದ್ದು ನೋಡಿದ್ರೆ ಗಂಡ ಸೊಲೂಚ್ ಇಲ್ಲ, ಹೇಳ್ದೆ ಕೇಳ್ದೆ ಊರು ಬಿಟ್ಟಿದ್ದಾನೆ. ಅಲ್ಲಿಂದ ಶುರು. ಮರುಭೂಮಿ ಅಂಚಿನ ಒಂದು ಬಡ ಹಳ್ಳಿ, ಚಳಿ, ಮನೇಲಿ ಇಬ್ಬರು ಗಂಡುಮಕ್ಕಳು ಅಬ್ಬಾಸ್, ಅಬ್ರಾವ್, ಒಬ್ಬಳು ಚಿಕ್ಕ ಹುಡುಗಿ ಹಾಜರ್. ಗಂಡ ಹೋದ ಅಂತ ಅಳೋಕೂ ಬಿಡದ ಹಾಗೆ ಸಾಲ ಕೊಟ್ಟೋನು ಬಂದು ತಾಮ್ರದ ಪಾತ್ರೆ ಕೊಡು ಅಂತ ನಿಲ್ತಾನೆ. ಇದನ್ನ ಓದ್ತಾ ನಾನು ಇರಾನ್ ಅನ್ನೋದನ್ನೇ ಮರೆತುಬಿಟ್ಟಿದ್ದೆ. ಊರಿಗೆ ಟ್ರ್ಯಾಕ್ಟರ್ ಬರುತ್ತೆ, ನೀರೆತ್ತೋ ಪಂಪು ಬರುತ್ತೆ, ಸರ್ಕಾರದ ಸಾಲ ತಂದು ಪಿಸ್ತಾ ಬೆಳೆದು ಎಲ್ಲರೂ ಉದ್ಧಾರ ಆಗ್ತೀವಿ ಅಂತ ದೊಡ್ಡೋರು ಲೆಕ್ಕ ಹಾಕ್ತಾರೆ, ಅದಕ್ಕೆ ಬಡವರು ಉತ್ತು ಬಿತ್ತಿ ತಮ್ಮದು ಅಂದ್ಕೊಂಡಿದ್ದ ಮರಳು ನೆಲ ಬೇಕು. ಎಲ್ಲರೂ ಒಬ್ಬೊಬ್ಬರಾಗಿ ಮಾರ್ಕೋತಾರೆ, ಮೆರ್ಗಾನ್ ಮಾರಲ್ಲ, ತನ್ನ ನೆಲದಲ್ಲಿ ಗುಂಡಿ ತೋಡಿ ಅದರೊಳಗೆ ಕೂತ್ಕೋತಾಳೆ. ಟ್ರ್ಯಾಕ್ಟರ್ ಓಡಿಸ್ಕೊಂಡು ಅವಳ ಮೇಲೆ ಬರೋನು ಅವಳ ಸ್ವಂತ ಮಗ ಅಬ್ರಾವ್. ಆ ಪುಟಗಳನ್ನ ನಾನು ಒಂದೇ ಸಲಕ್ಕೆ ಓದೋಕಾಗ್ಲಿಲ್ಲ, ಪುಸ್ತಕ ಮುಚ್ಚಿಟ್ಟು ಹೊರಗೆ ಹೋಗಿ ಬಂದೆ.

ಇದಕ್ಕೆ ಹಿನ್ನೆಲೆ ಗೊತ್ತಿದ್ರೆ ಇನ್ನೂ ಚೆನ್ನಾಗಿ ಹತ್ತುತ್ತೆ. 1960ರ ದಶಕದಲ್ಲಿ ಇರಾನಿನ ಶಾ, ಅಂದ್ರೆ ಅಲ್ಲಿನ ದೊರೆ, ಭೂಸುಧಾರಣೆ ತಂದ, ಜಮೀನ್ದಾರರ ನೆಲ ಗೇಣಿದಾರರಿಗೆ ಅಂತ. ಗೇಣಿ ಹಕ್ಕು ಇದ್ದೋರಿಗೆ ಸಿಕ್ತು, ಬರೀ ಕೂಲಿ ಮಾಡ್ಕೊಂಡಿದ್ದೋರಿಗೆ ಏನೂ ಸಿಗ್ಲಿಲ್ಲ. ನಮ್ಮಲ್ಲಿ 1974ರಲ್ಲಿ ದೇವರಾಜ ಅರಸು ಕಾಲದಲ್ಲಿ ಉಳುವವನೇ ಒಡೆಯ ಅಂತ ಕಾನೂನು ತಿದ್ದುಪಡಿಯಾಯ್ತಲ್ಲ, ಆವಾಗ ಯಾರಿಗೆ ಬಂತು, ಯಾರು ಕೂಲಿಯಲ್ಲೇ ಉಳಿದ್ರು ಅನ್ನೋ ಕತೆಗಳು ನಮ್ಮ ಕಡೆ ಪ್ರತಿ ಹಳ್ಳೀಲೂ ಇವೆ. ಇನ್ನು ನೀರು. ಇರಾನಲ್ಲಿ ಖನಾತ್ ಅಂತ ಮಾಡ್ತಾರೆ, ಬೆಟ್ಟದ ಬುಡದಲ್ಲಿ ಅಂತರ್ಜಲ ಸಿಗೋ ಕಡೆಯಿಂದ ನೆಲದೊಳಗೇ ಸುರಂಗ ತೋಡಿ ಇಳಿಜಾರಲ್ಲಿ ಊರಿಗೆ ನೀರು ಹರಿಸೋದು, ನಡುನಡುವೆ ಬಾವಿ ತರ ಕಂಡಿ, ಪಂಪೂ ಬೇಡ, ಕರೆಂಟೂ ಬೇಡ, ಬಿಸಿಲಿಗೆ ಆವಿಯಾಗೋದೂ ಕಮ್ಮಿ, ಸಾವಿರಾರು ವರ್ಷದ ಪದ್ಧತಿ, 2016ರಲ್ಲಿ ಯುನೆಸ್ಕೋ ಪರಂಪರೆ ಪಟ್ಟಿಗೂ ಸೇರ್ತು. ಪಂಪಿಳಿಸಿ ಎಳೆಯೋಕೆ ಶುರು ಮಾಡಿದ್ರೆ ಮೊದಲು ಸಾಯೋದು ಈ ಖನಾತೇ. ವಿಸಿ ನಾಲೆ ನೀರು ಕಡೇ ಭಾಗಕ್ಕೆ ಮುಟ್ಟದೆ ಬೋರ್ ಮೇಲೆ ಬೋರ್ ಕೊರೆಸಿದೋರಿಗೆ ಇದನ್ನ ಬಿಡಿಸಿ ಹೇಳೋದೇ ಬೇಡ.

ಬರೆದೋರ ಬಗ್ಗೆ ಯಜಮಾನ್ರು ಹೇಳಿದ್ದು ಕೇಳಿ. ದೌಲತಾಬಾದಿ 1940ರಲ್ಲಿ ಖೊರಾಸಾನಿನ ಹಳ್ಳೀಲಿ ಹುಟ್ಟಿದ್ದು, ಹೊಲದ ಕೆಲಸ, ಕ್ಷೌರದ ಕೆಲಸ ಎಲ್ಲ ಮಾಡಿದೋರು. 1974ರಲ್ಲಿ ಶಾನ ಗುಪ್ತ ಪೊಲೀಸರು ಹಿಡಿದು ಒಳಗೆ ಹಾಕಿದ್ರು. ಜೈಲಲ್ಲಿ ಕಾಗದ ಪೆನ್ನು ಇಲ್ಲ. ಸೊಲೂಚ್ ಕಾದಂಬರಿಯನ್ನ ತಲೆಯಲ್ಲೇ ಕಟ್ಟಿ, ತಲೆಯಲ್ಲೇ ಇಟ್ಕೊಂಡಿದ್ದು ಹೊರಗೆ ಬಂದ ಮೇಲೆ ಬರೆದಿದ್ದು. ನಾನೂರಕ್ಕೂ ಜಾಸ್ತಿ ಪುಟದ ಪುಸ್ತಕ ಇದು.

ಇದನ್ನ ನಾನು ಊರಿಗೆ ಹೋದಾಗ ಅವ್ವಂಗೆ ಕತೆ ಮಾಡಿ ಹೇಳಿದೆ. ಅವ್ವ ಓದಿರೋದು ಕಮ್ಮಿ, ಇಂಗ್ಲಿಷಂತೂ ಇಲ್ಲ. ಹೆಸರುಗಳು ಮಾತ್ರ ಇರಾನಿಂದು, ಮಿಕ್ಕಿದ್ದೆಲ್ಲ ನಮ್ಮ ಮಾತಲ್ಲೇ ಹೇಳ್ತಾ ಹೋದೆ, ಅವರೆಕಾಯಿ ಬಿಡಿಸ್ತಾ ಕೇಳಿಸ್ಕೊಂಡ್ರು. ಹಾಜರ್ ಅನ್ನೋ ಹುಡುಗೀನ ಆಗ್ಲೇ ಹೆಂಡ್ತಿ ಇರೋ ದೊಡ್ಡ ಗಂಡಸಿಗೆ ಕಟ್ಟೋ ಕಡೆ ಬಂದಾಗ "ಅಯ್ಯೋ, ಆ ಮೊಗೀನ್ ಯಾಕ್ ಕೊಟ್ರು, ಅವ್ರವ್ವಂಗೆ ಕಣ್ ಕಾಣ್ಸಾಕಿಲ್ವಾ" ಅಂತ ಬೈದ್ರು. ಸೊಲೂಚ್ ಎಲ್ಲಿಗೆ ಹೋದ ಅಂತ ಒಂದ್ಸಲಾನೂ ಕೇಳ್ಲಿಲ್ಲ. ಕೇಳಿದ್ದು ಒಂದೇ, "ಜಮೀನ್ ಏನ್ ಮಾಡುದ್ಲು?" ರಾತ್ರಿ ಊಟ ಆದ್ಮೇಲೆ ಮತ್ತೆ ಕೇಳಿದ್ರು. ಒಂಟೆ ಅಟ್ಟಿಸ್ಕೊಂಡು ಬಂದು ಅಬ್ಬಾಸ್ ಪಾಳುಬಾವಿಗೆ ಬಿದ್ದು ಹಾವಿನ ಮಧ್ಯೆ ರಾತ್ರಿ ಕಳೆದು ತಲೆಕೂದಲೆಲ್ಲ ಬೆಳ್ಳಗಾಗೋ ಭಾಗಾನ ಪಕ್ಕದ ಮನೆ ಚಿಕ್ಕಮ್ಮನ್ನೂ ಕರೆಸಿ ಇನ್ನೊಂದ್ಸಲ ಹೇಳಿಸಿದ್ರು. ಪರ್ಷಿಯನ್‌ನಿಂದ ಇಂಗ್ಲಿಷಿಗೆ, ಇಂಗ್ಲಿಷಿಂದ ನಮ್ಮ ಜಗಲಿಗೆ ಬಂದ ಕತೆ ಅದು, ಆದ್ರೂ ಕೇಳೋರಿಗೆ ಒಂಚೂರೂ ಹೊರಗಿನದು ಅನ್ನಿಸ್ಲಿಲ್ಲ.

ವಾಪಸ್ ಕೊಡೋಕೆ ಹೋದಾಗ ಸಿಮಿನ್ ದಾನೇಶ್ವರ್ ಅವರ 'ಸವುಶುನ್' ಕೊಟ್ರು. 1969ರದ್ದು, ಇರಾನಿನ ಹೆಣ್ಣುಮಗಳು ಬರೆದು ಪ್ರಕಟಿಸಿದ ಮೊದಲ ಕಾದಂಬರಿ ಅಂತ ಹೆಸರಾಗಿರೋದು. ಇಂಗ್ಲಿಷಲ್ಲಿ ಎರಡು ಅನುವಾದ ಇವೆ, ಎಂ. ಆರ್. ಘನೂನ್‌ಪರ್ವರ್ ಅವರದು, ರೊಕ್ಸಾನ್ ಜಂಡ್ ಅವರದು, ಅಂಗಡೀಲಿರೋದು ಮೊದಲನೇದು. ಕತೆ ನಡೆಯೋದು ಶಿರಾಜ್ ಊರಲ್ಲಿ. ಶಿರಾಜ್ ಅಂದ್ರೆ ಮೈಸೂರಿನೋರಿಗೆ ದೂರದ್ದಲ್ಲ, ನಮ್ಮ ದಿವಾನರು ಸರ್ ಮಿರ್ಜಾ ಇಸ್ಮಾಯಿಲ್ ಅವರ ತಾತ ಅಲಿ ಅಸ್ಕರ್ ಶಿರಾಜಿಂದಾನೇ ಕುದುರೆ ವ್ಯಾಪಾರಕ್ಕೆ ಬೆಂಗಳೂರಿಗೆ ಬಂದು ನೆಲೆಸಿದೋರು. ಮಿರ್ಜಾ ಅವರು 1926ರಿಂದ 1941ರವರೆಗೆ ಇಲ್ಲಿ ದಿವಾನರು, ಅವರು ಕೆಲಸ ಬಿಟ್ಟ ವರ್ಷಾನೇ ಆಗಸ್ಟಲ್ಲಿ ಬ್ರಿಟಿಷ್ ಮತ್ತು ಸೋವಿಯತ್ ಸೈನ್ಯ ಇರಾನಿಗೆ ನುಗ್ಗಿದ್ದು, ಈ ಕಾದಂಬರಿ ಅದೇ ಯುದ್ಧಕಾಲದ್ದು.

ಊರಲ್ಲಿ ಬರಗಾಲ, ಜನಕ್ಕೆ ರೊಟ್ಟಿಗೆ ಗತಿ ಇಲ್ಲ, ಗವರ್ನರ್ ಮಗಳ ಮದುವೇಲಿ ನೋಡೋಕೆ ಅಂತ ಒಂದು ಭಾರೀ ರೊಟ್ಟಿ ಸುಟ್ಟು ಅಲಂಕಾರ ಮಾಡಿ ಇಟ್ಟಿರ್ತಾರೆ. ಅದನ್ನ ನೋಡಿ ಜಮೀನ್ದಾರ ಯೂಸೆಫ್ ಸಿಡಿದು ಬೀಳ್ತಾನೆ, ಹೆಂಡತಿ ಜರಿ ಅವನನ್ನ ಸುಮ್ನಿರಿ ಸುಮ್ನಿರಿ ಅಂತ ತಡೀತಾಳೆ. ಮೊದಲ ಪುಟದಲ್ಲೇ ಇಡೀ ಪುಸ್ತಕ ಇದೆ. ಅದೇ ಮದುವೇಲಿ ಜರಿಯ ಕಿವಿಯ ಪಚ್ಚೆ ಓಲೆಯನ್ನ ಮದುಮಗಳಿಗೆ ಒಂದು ರಾತ್ರಿಗೆ ಅಂತ ಇಸ್ಕೋತಾರೆ, ವಾಪಸ್ ಬರಲ್ಲ. ಆಮೇಲೆ ಮಗನ ಕುದುರೆ ಮೇಲೆ ಕಣ್ಣು. ಆಮೇಲೆ ಗಂಡನ ಹೊಲದ ಧಾನ್ಯ ಸೈನ್ಯಕ್ಕೆ ಮಾರು ಅಂತ ಒತ್ತಾಯ, ಅವನು ನನ್ನ ಒಕ್ಕಲು ಉಪವಾಸ ಬೀಳ್ತಾರೆ, ಕೊಡಲ್ಲ ಅಂತಾನೆ. ದೊಡ್ಡ ರಾಜಕೀಯವನ್ನ ದಾನೇಶ್ವರ್ ಒಂದು ಮನೆಯ ಬಾಗಿಲಿಂದ ಏನೇನು ಹೊರಗೆ ಹೋಗುತ್ತೆ ಅನ್ನೋದರಲ್ಲೇ ಹೇಳಿ ಮುಗಿಸ್ತಾರೆ. ಜರಿ ಪ್ರತಿ ಸಲ ಬಿಟ್ಟುಕೊಡ್ತಾಳೆ, ಮನೆ ಉಳೀಲಿ ಅಂತ. ಅವಳು ಯಾವಾಗ ಬಿಟ್ಟುಕೊಡೋದನ್ನ ನಿಲ್ಲಿಸ್ತಾಳೆ ಅನ್ನೋದೇ ಕತೆ, ನಾನು ಹೇಳಲ್ಲ.

ಸಿಯಾವಶ್ ಅನ್ನೋ ರಾಜಕುಮಾರನ ಅನ್ಯಾಯದ ಸಾವಿಗೆ ಶೋಕ ಮಾಡೋ ಹಳೇ ಆಚರಣೆಯಿಂದ ಪುಸ್ತಕಕ್ಕೆ ಹೆಸರು ಬಂದಿದೆ, ಫಿರ್ದೌಸಿಯ ಶಾನಾಮಾ ಅನ್ನೋ ಹಳೇ ಮಹಾಕಾವ್ಯದಲ್ಲಿ ಆ ಕತೆ ಇದೆ. ನಮ್ಮ ಹಳ್ಳಿಗಳಲ್ಲಿ ಬಾಬಯ್ಯನ ಹಬ್ಬ, ಅಂದ್ರೆ ಮೊಹರಂ, ನೋಡಿದೋರಿಗೆ, ಹಸನ್ ಹುಸೇನರ ಸಾವಿಗೆ ಎಲ್ಲ ಜಾತಿಯೋರೂ ಸೇರಿ ಕೊಂಡದ ಸುತ್ತ ಕುಣಿದು ಹಾಡೋದನ್ನ ಕೇಳಿದೋರಿಗೆ, ನೂರಾರು ವರ್ಷದ ಹಿಂದಿನ ಒಂದು ಸಾವನ್ನ ಇವತ್ತಿನ ದುಃಖ ಹೇಳ್ಕೊಳ್ಳೋಕೆ ಹೇಗೆ ಬಳಸ್ತಾರೆ ಅಂತ ಗೊತ್ತಿರುತ್ತೆ. ದಾನೇಶ್ವರ್ ಬರೆದಿದ್ದು ಶಾ ಆಳ್ತಿದ್ದಾಗ. ಅವನ ಕಾಲದ ಬಗ್ಗೆ ನೇರ ಬರೆದ್ರೆ ಕಷ್ಟ, ಹಿಂದಿನ ಯುದ್ಧಕಾಲದ ಕತೆ ಹೇಳಿದ್ರೆ ಓದೋರಿಗೆ ಅರ್ಥ ಆಗೇ ಆಗುತ್ತೆ.

ಯಜಮಾನ್ರು ಯಾಕೆ ಇದೇ ಕ್ರಮದಲ್ಲಿ ಕೊಡ್ತಾರೆ ಅಂತ ನಂಗೆ ಹೊಳೆದಿದ್ದು ಇಲ್ಲಿ. ಒಬ್ಬರು ಜೈಲಲ್ಲಿ ತಲೆಯೊಳಗೆ ಬರೀತಾರೆ, ಇನ್ನೊಬ್ಬರು ಹಳೇ ಶೋಕದ ಹಾಡಿನೊಳಗೆ ಇಟ್ಟು ಬರೀತಾರೆ. ಬಾಯಿಬಿಟ್ಟು ಹೇಳೋಕಾಗದ್ದನ್ನ ಹೇಗಾದ್ರೂ ಹೇಳೇ ಹೇಳೋದು, ಅದಕ್ಕೆ ಒಬ್ಬೊಬ್ಬರೂ ಒಂದೊಂದು ದಾರಿ ಕಂಡ್ಕೊಂಡಿರೋದು, ಇಡೀ ರ‍್ಯಾಕಲ್ಲಿ ಇರೋದು ಇದೇ. ನಮ್ಮಲ್ಲಿ ಪರ್ಷಿಯಾ ಅಂದ್ರೆ ಡಿವಿಜಿಯವರು ಕನ್ನಡಕ್ಕೆ ತಂದ ಉಮರ್ ಖಯ್ಯಾಮನ ಪದ್ಯಗಳು, 'ಉಮರನ ಒಸಗೆ', ಅಲ್ಲಿಂದ ನೇರ ಟಿವಿಯ ಯುದ್ಧದ ನ್ಯೂಸಿಗೆ ಬಂದುಬಿಡ್ತೀವಿ, ನಡುವೆ ಒಂಬೈನೂರು ವರ್ಷ ಅಲ್ಲಿನ ಜನ ಕತೆ ಹೇಳ್ತಾನೇ ಇದ್ರು ಅನ್ನೋದು ತಲೆಗೇ ಬರಲ್ಲ.

ನಗ್ತಾ ಹೇಳೋ ದಾರೀನೂ ಇದೆ. ಇರಾಜ್ ಪೆಜೆಶ್ಕ್‌ಜಾದ್ ಅವರ 'ಮೈ ಅಂಕಲ್ ನೆಪೋಲಿಯನ್', 1973ರದ್ದು, ಡಿಕ್ ಡೇವಿಸ್ ಅನುವಾದ. ಆಗಸ್ಟ್ 13ನೇ ತಾರೀಖು ಮಧ್ಯಾಹ್ನ ಎರಡೂ ಮುಕ್ಕಾಲಿಗೆ ನಂಗೆ ಪ್ರೀತಿ ಹುಟ್ತು ಅಂತ ಹುಡುಗ ಶುರು ಮಾಡ್ತಾನೆ, ಆ ಹುಡುಗಿಯ ಅಪ್ಪನೇ ಈ ನೆಪೋಲಿಯನ್ ಮಾವ, ಬ್ರಿಟಿಷರು ತನ್ನೊಬ್ಬನನ್ನ ಮುಗಿಸೋಕೆ ಸಂಚು ಮಾಡ್ತಿದ್ದಾರೆ ಅಂತ ಗಟ್ಟಿಯಾಗಿ ನಂಬಿರೋನು. ಒಂದೇ ತೋಟದೊಳಗೆ ಅಣ್ಣತಮ್ಮಂದಿರ ಮನೆಗಳು, ನೀರು ಬಿಡೋದಕ್ಕೆ ಜಗಳ, ಸುಳ್ಳು ಸುಳ್ಳೇ ಯುದ್ಧದ ಕತೆ ಹೇಳೋ ಆಳು ಮಶ್ ಖಾಸೆಮ್, ಬ್ರಿಟಿಷರ ಗೂಢಚಾರಿ ಅಂತ ಅನುಮಾನಕ್ಕೆ ಸಿಕ್ಕಿಹಾಕ್ಕೊಳ್ಳೋ ಒಬ್ಬ ಇಂಡಿಯನ್ ಪಕ್ಕದ್ಮನೆಯೋನು. ಅಗ್ರಹಾರ, ಚಾಮರಾಜಪುರಂ ಕಡೆ ಕೂಡುಕುಟುಂಬದಲ್ಲಿ ಬೆಳೆದೋರು ಇದನ್ನ ಮನೆಮಂದಿಗೆಲ್ಲ ಜೋರಾಗಿ ಓದಿ ಹೇಳಬೇಕು ಅನ್ಸುತ್ತೆ. 1976ರಲ್ಲಿ ಟಿವಿ ಸೀರಿಯಲ್ ಆಗಿ ಇಡೀ ದೇಶ ನೋಡಿತ್ತು, 1979ರ ಕ್ರಾಂತಿ ಆದ್ಮೇಲೆ ನಿಷೇಧ ಆಯ್ತು.

ಜೋಯಾ ಪೀರ್‌ಜಾದ್ ಅವರ 'ಥಿಂಗ್ಸ್ ವಿ ಲೆಫ್ಟ್ ಅನ್‌ಸೆಡ್' ಅದಕ್ಕೆ ಪೂರ್ತಿ ಬೇರೆ. ಆಬಾದಾನ್ ಅನ್ನೋ ಎಣ್ಣೆ ರಿಫೈನರಿ ಊರು, 1960ರ ದಶಕ, ಕಂಪನಿ ಕ್ವಾರ್ಟರ್ಸಲ್ಲಿರೋ ಅರ್ಮೇನಿಯನ್ ಕ್ರಿಶ್ಚಿಯನ್ ಗೃಹಿಣಿ ಕ್ಲಾರಿಸ್, ಗಂಡ, ಮಗ, ಅವಳಿ ಹೆಣ್ಣುಮಕ್ಕಳು. ಎದುರುಮನೆಗೆ ಹೊಸಬರು ಬರ್ತಾರೆ. ಇಷ್ಟೇ. ಅಡುಗೆ, ಮಕ್ಕಳ ತಿಂಡಿ, ತಾಯಿ ತಂಗಿ ಬಂದು ಮಾತಾಡಿ ಹೋಗೋದು, ಒಂದು ದಿನ ಊರ ಮೇಲೆ ಮಿಡತೆ ಬೀಳೋದು. ಏನೂ ಆಗಲ್ಲ ಅಂತ ಕೆಲವರು ಅರ್ಧಕ್ಕೆ ವಾಪಸ್ ಕೊಡ್ತಾರಂತೆ, ದಯವಿಟ್ಟು ಹಾಗೆ ಮಾಡ್ಬೇಡಿ, ಮಂಡ್ಯದ ಮೈಷುಗರ್ ಕ್ವಾರ್ಟರ್ಸಲ್ಲೋ ಕೆಆರ್‌ಎಸ್ ಕಾಲೋನೀಲೋ ಇದ್ದ ಅಮ್ಮಂದಿರನ್ನ ನೋಡಿರೋರಿಗೆ ಆ ಹೆಂಗಸು ದಿನವಿಡೀ ಎಷ್ಟು ಮಾತನ್ನ ನುಂಗ್ಕೋತಾಳೆ ಅಂತ ಗೊತ್ತಾಗುತ್ತೆ. ನಂಗೆ ಈ ರ‍್ಯಾಕಲ್ಲಿ ಸೊಲೂಚ್ ಬಿಟ್ರೆ ಇದೇ ಹತ್ತಿರ. ಗೋಲಿ ತರಘಿ ಅವರ 'ದಿ ಪೊಮೆಗ್ರಾನೇಟ್ ಲೇಡಿ ಅಂಡ್ ಹರ್ ಸನ್ಸ್' ಅನ್ನೋ ಕತೆಗಳ ಪುಸ್ತಕಾನೂ ತಗೊಳ್ಳಿ, ಸ್ವೀಡನ್‌ನಲ್ಲಿರೋ ಮಕ್ಕಳನ್ನ ನೋಡೋಕೆ ಹೊರಟು ಟೆಹ್ರಾನ್ ಏರ್‌ಪೋರ್ಟಲ್ಲಿ ಕಂಗಾಲಾಗೋ ಮುದುಕಿಯ ಕತೆ, ಮೈಸೂರಿನ ಅರ್ಧ ಬಡಾವಣೆಗಳಲ್ಲಿ ಇರೋದು ಮಕ್ಕಳನ್ನ ಅಮೆರಿಕಕ್ಕೆ ಕಳಿಸಿದ ತಂದೆ ತಾಯೀನೇ ಅಲ್ವಾ.

ಪರಿನೂಶ್ ಸನೀಈ ಅವರ 'ದಿ ಬುಕ್ ಆಫ್ ಫೇಟ್' ಇಲ್ಲಿ ಎಲ್ಲಕ್ಕಿಂತ ಜಾಸ್ತಿ ಬಾಡಿಗೆಗೆ ಹೋಗೋದಂತೆ. ಓದಿಸ್ಕೊಂಡು ಹೋಗುತ್ತೆ, ನಿಜ. ನಂಗೆ ಕಷ್ಟದ ಮೇಲೆ ಕಷ್ಟ ಪೇರಿಸಿದ್ದು ಜಾಸ್ತಿ ಆಯ್ತು ಅನ್ನಿಸ್ತು, ಜರಿಗೂ ಕ್ಲಾರಿಸ್‌ಗೂ ಇರೋ ಒಳಗಿನ ಜಾಗ ಈ ಪುಸ್ತಕದ ಮಾಸೂಮೆಗೆ ಸಿಕ್ಕಿಲ್ಲ. ಮೊದಲ ಸಲ ಓದೋರಿಗೆ ಸರಿ.

ಶಹರಿಯಾರ್ ಮಂದನಿಪುರ್ ಅವರ 'ಸೆನ್ಸಾರಿಂಗ್ ಆ್ಯನ್ ಇರಾನಿಯನ್ ಲವ್ ಸ್ಟೋರಿ' ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳ್ಬೇಕು. ಇರಾನಲ್ಲಿ ಪುಸ್ತಕ ಹೊರಗೆ ಬರ್ಬೇಕಾದ್ರೆ ಸಂಸ್ಕೃತಿ ಇಲಾಖೆಯಿಂದ ಪರ್ಮಿಷನ್ ಬೇಕು, ಅಲ್ಲೊಬ್ಬ ಓದಿ ಇದು ತೆಗಿ ಅದು ತೆಗಿ ಅಂತಾನೆ. ಮಂದನಿಪುರ್‌ಗೆ 1992ರಿಂದ 1997ರವರೆಗೆ ಪ್ರಕಟ ಮಾಡೋಕೇ ಬಿಟ್ಟಿರಲಿಲ್ಲ. 2006ರಲ್ಲಿ ಅಮೆರಿಕಕ್ಕೆ ಹೋದ್ರು, 2009ರಲ್ಲಿ ಈ ಪುಸ್ತಕ ಇಂಗ್ಲಿಷಲ್ಲೇ ಮೊದಲು ಬಂತು, ಸಾರಾ ಖಲೀಲಿ ಅನುವಾದ, ತರಘಿ ಮತ್ತು ಸನೀಈ ಅವರನ್ನ ಇಂಗ್ಲಿಷಿಗೆ ತಂದಿದ್ದೂ ಇವರೇ. ಸಾರಾ ಮತ್ತು ದಾರಾ ಅಂತ ಹುಡುಗಿ ಹುಡುಗ, ಅಲ್ಲಿನ ಹಳೇ ಪ್ರೈಮರಿ ಸ್ಕೂಲ್ ಪಠ್ಯದಲ್ಲಿದ್ದ ಹೆಸರುಗಳು. ಅವರ ಪ್ರೇಮಕತೆ ಬರೀತಿರೋ ಲೇಖಕನೂ ಪುಸ್ತಕದಲ್ಲಿದ್ದಾನೆ, ಸೆನ್ಸಾರ್ ಅಧಿಕಾರೀನೂ ಇದ್ದಾನೆ. ಅಧಿಕಾರಿಗೆ ಒಪ್ಪಿಗೆ ಆಗಲ್ಲ ಅಂತ ಲೇಖಕ ತಾನೇ ಹೊಡೆದುಹಾಕೋ ಸಾಲುಗಳನ್ನ ನಡುವೆ ಗೆರೆ ಎಳೆದು ಹಾಗೇ ಪ್ರಿಂಟ್ ಮಾಡಿದ್ದಾರೆ, ಗೆರೆ ಕೆಳಗೆ ಅಕ್ಷರ ಕಾಣುತ್ತೆ, ಓದಬಹುದು. ಹುಡುಗ ಹುಡುಗಿ ಒಟ್ಟಿಗೆ ನಿಂತು ಮಾತಾಡೋದೇ ಕಷ್ಟ ಇರೋ ಊರಲ್ಲಿ ದಾರಾ ಸಾರಾಗೆ ಪತ್ರ ಹೇಗೆ ಬರೀತಾನೆ ಅಂದ್ರೆ, ಲೈಬ್ರರಿ ಪುಸ್ತಕ ತಗೊಂಡು ಅಕ್ಷರಗಳ ಕೆಳಗೆ ಒಂದೊಂದು ಚುಕ್ಕಿ ಇಡ್ತಾನೆ, ಚುಕ್ಕಿ ಇಟ್ಟ ಅಕ್ಷರ ಕೂಡಿಸಿದ್ರೆ ಅವನ ಮಾತು. ಅವಳು ಅದೇ ಪುಸ್ತಕ ಎರವಲು ತಗೊಂಡು ಓದ್ತಾಳೆ. ಇದನ್ನ ಬಾಡಿಗೆ ಪುಸ್ತಕವಾಗಿಯೇ ಓದಬೇಕು ಅಂತ ನನ್ನ ಅಭಿಪ್ರಾಯ, ಯಾರ‍್ಯಾರೋ ಓದಿ ಮೂಲೆ ಮಡಚಿಟ್ಟ ಪುಟಗಳಲ್ಲಿ.

ಸಾರಾಗೆ ದಾರಾ ಮೊದಲು ಚುಕ್ಕಿ ಇಟ್ಟು ಕೊಡೋದು ಹೆದಾಯತ್ ಅವರ 'ದಿ ಬ್ಲೈಂಡ್ ಔಲ್' ಪುಸ್ತಕದಲ್ಲೇ. ಇದು ಆದ್ಮೇಲೇ ಯಜಮಾನ್ರು ನಂಗೆ ಅದನ್ನ ಕೊಟ್ಟಿದ್ದು, ಸರಿಯಾಗೇ ಮಾಡಿದ್ರು. ಕತ್ತಲ ಪುಸ್ತಕ, ಅಫೀಮಿನ ಅಮಲು, ಪೆನ್ ಕೇಸ್ ಮೇಲೆ ಒಂದೇ ಚಿತ್ರ ಮತ್ತೆ ಮತ್ತೆ ಬರೆಯೋ ಒಬ್ಬ ಮನುಷ್ಯ, ಯಾವುದು ಕನಸು ಯಾವುದು ನಿಜ ಅಂತ ಹಿಡಿತಕ್ಕೆ ಸಿಗಲ್ಲ. ಮೊದಲೇ ಓದಿದ್ರೆ ಅಲ್ಲಿಗೇ ಬಿಟ್ಟುಬಿಡ್ತಿದ್ದೆ. ಇದು ಮೊದಲು ಹೊರಬಂದಿದ್ದು ಟೆಹ್ರಾನಲ್ಲಲ್ಲ, ನಮ್ಮ ಬಾಂಬೆಯಲ್ಲಿ, 1936–37ರಲ್ಲಿ ಹೆದಾಯತ್ ಅಲ್ಲಿದ್ದು ಪಾರ್ಸಿ ವಿದ್ವಾಂಸರ ಹತ್ರ ಹಳೇ ಪಹ್ಲವಿ ಭಾಷೆ ಕಲೀತಿದ್ದಾಗ. ತಾವೇ ಕೈಯಲ್ಲಿ ಬರೆದು ಸೈಕ್ಲೋಸ್ಟೈಲ್ ತರ ಸುಮಾರು 50 ಪ್ರತಿ ತೆಗೆಸಿ, ಇರಾನಲ್ಲಿ ಮಾರೋಕಲ್ಲ ಅಂತ ಅದರ ಮೇಲೆ ಹಾಕಿದ್ರು. ಆಧುನಿಕ ಪರ್ಷಿಯನ್ ಸಾಹಿತ್ಯದ ಅತಿ ದೊಡ್ಡ ಹೆಸರು ಅನ್ನೋ ಪುಸ್ತಕ ಹುಟ್ಟಿದ್ದೇ ಇಂಡಿಯಾದಲ್ಲಿ ಅಂತ ನಮ್ಮ ಯಾವ ಕ್ಲಾಸಲ್ಲೂ ಯಾರೂ ಹೇಳ್ಲಿಲ್ಲ.

ಹೊಸಬರಲ್ಲಿ ಶೊಕೂಫೆ ಆಜಾರ್ ಅವರ 'ದಿ ಎನ್‌ಲೈಟನ್‌ಮೆಂಟ್ ಆಫ್ ದ ಗ್ರೀನ್‌ಗೇಜ್ ಟ್ರೀ', 2020ರ ಇಂಟರ್‌ನ್ಯಾಷನಲ್ ಬೂಕರ್ ಕೊನೇ ಪಟ್ಟಿಗೆ ಬಂದಿದ್ದು. ಬರೆದೋರು ದೇಶ ಬಿಟ್ಟು ಆಸ್ಟ್ರೇಲಿಯಾ ಸೇರಿದೋರು. 1988ರ ಆಗಸ್ಟ್ 18ರಂದು ತಾಯಿ ಮರ ಹತ್ತಿ ಕೂತಿರೋ ಹೊತ್ತಲ್ಲೇ ಜೈಲಲ್ಲಿ ಮಗನಿಗೆ ನೇಣು, ಇದನ್ನ ಹೇಳ್ತಿರೋಳು ಆಗಲೇ ಸತ್ತುಹೋಗಿರೋ ಮಗಳು. ಆ ವರ್ಷ ಇರಾನಿನ ಜೈಲುಗಳಲ್ಲಿ ಸಾವಿರಾರು ರಾಜಕೀಯ ಕೈದಿಗಳನ್ನ ಕೊಂದಿದ್ದು ನಡೆದ ವಿಷಯ. ಬದುಕಿರೋರು ಹೇಳೋಕಾಗದ್ದನ್ನ ಹೇಳೋಕೆ ಆಜಾರ್ ದೆವ್ವಗಳನ್ನೇ ಕರೀತಾರೆ, ಕಾಡು, ಜಿನ್ನು, ಮರ ಎಲ್ಲ ಮಾತಿಗೆ ಬರ್ತವೆ. ಈ ಪುಸ್ತಕದ ಬ್ರೌನ್ ಪೇಪರ್ ಬೆನ್ನ ಮೇಲೆ ಅನುವಾದಕರ ಹೆಸರಿನ ಜಾಗ ಖಾಲಿ ಇದೆ. ಮರೆತಿದ್ದಲ್ಲ, ಅನುವಾದ ಮಾಡಿದೋರ ಸುರಕ್ಷತೆಗೋಸ್ಕರ ಹೆಸರೇ ಹಾಕಿಲ್ಲ. ಆ ಖಾಲಿ ಜಾಗಾನ ಯಜಮಾನ್ರು ಹಾಗೇ ಬಿಟ್ಟಿದ್ದಾರೆ, ಕೆಳಗೆ ಗೆರೆ ಮಾತ್ರ ಎಳೆದಿದ್ದಾರೆ. ಜೊತೆಗೆ ಶಹರ್‌ನೂಶ್ ಪಾರ್ಸಿಪುರ್ ಅವರ 'ವಿಮೆನ್ ವಿದೌಟ್ ಮೆನ್' ಓದಿ, ಚಿಕ್ಕದು, ಅದರಲ್ಲೂ ಒಬ್ಬಳು ತನ್ನನ್ನ ತಾನೇ ಗಿಡದ ಹಾಗೆ ನೆಲದಲ್ಲಿ ನೆಟ್ಟುಕೊಳ್ತಾಳೆ. 1989ರಲ್ಲಿ ಅದು ಬಂದ ಮೇಲೆ ಪಾರ್ಸಿಪುರ್ ಅವರನ್ನ ಜೈಲಿಗೆ ಹಾಕಿದ್ರು.

ಅಂಗಡಿಯ ತೊಂದರೆಗಳನ್ನೂ ಹೇಳ್ಬೇಕು. ಪಾರ್ಕಿಂಗ್ ಇಲ್ಲ, ಸ್ಕೂಟರ್ ಆದ್ರೆ ಹೇಗೋ ಆಗುತ್ತೆ, ಕಾರಲ್ಲಿ ಹೋಗ್ಬೇಡಿ. ಮಧ್ಯಾಹ್ನ ಒಂದೂವರೆಯಿಂದ ನಾಲ್ಕೂವರೆವರೆಗೆ ಬಾಗಿಲು ಹಾಕಿರುತ್ತೆ. ಒಳಗೆ ಬೆಳಕು ಕಮ್ಮಿ, ಕೆಳಗಿನ ಹಲಗೆಯ ಹೆಸರು ಓದೋಕೆ ಮೊಬೈಲ್ ಟಾರ್ಚ್ ಬೇಕು. ಎಲ್ಲ ಒಂದೊಂದೇ ಪ್ರತಿ, ಹಾಗಾಗಿ ಕಾಯ್ಬೇಕು. ಸವುಶುನ್ ಪ್ರತಿಯಲ್ಲಿ ನಡುವೆ ಕೆಲವು ಹಾಳೆ ಬಿದ್ದುಹೋಗಿತ್ತು, ಅದಕ್ಕೆ ಎಲ್ಲಿಂದಲೋ ಝೆರಾಕ್ಸ್ ತಂದು ಅಂಟಿಸಿದ್ದಾರೆ, ಅಕ್ಷರ ಮಸುಕು, ವಯಸ್ಸಾದೋರಿಗೆ ಕಷ್ಟ. ಸಂಜೆ ಹೊತ್ತು ಯಜಮಾನ್ರ ಸೊಸೆ ಕೂತಿರ್ತಾರೆ, ಆ ಅಕ್ಕ ಕೂಡ ಚೆನ್ನಾಗಿ ಓದಿದ್ದಾರೆ, ಪೀರ್‌ಜಾದ್ ಬಗ್ಗೆ ಮಾತು ತೆಗೆದ್ರೆ ಬಿಲ್ ಹಾಕೋದೇ ಲೇಟಾಗುತ್ತೆ, ಆದ್ರೆ ಡೆಪಾಸಿಟ್ ವಾಪಸ್ ಬೇಕು ಅಂದ್ರೆ ಯಜಮಾನ್ರು ಇದ್ದಾಗಲೇ ಹೋಗಿ.

ನಂಗೆ ನಿಜವಾಗಿ ನೋವಾಗೋದು ಒಂದೇ, ಇಷ್ಟು ದೊಡ್ಡ ರ‍್ಯಾಕಲ್ಲಿ ಕನ್ನಡದ ಪುಸ್ತಕ ಒಂದೂ ಇಲ್ಲ. ಅವ್ವಂಗೆ ನಾನು ಬಾಯಲ್ಲಿ ಹೇಳಿದೆ, ಆಯ್ತು, ಆದ್ರೆ ಮಂಡ್ಯದ ಒಬ್ಬ ಕಾಲೇಜು ಹುಡುಗಿ ಇಂಗ್ಲಿಷ್ ಅಷ್ಟು ಬರಲ್ಲ ಅಂತ ಮೆರ್ಗಾನ್‌ನ ಓದದೆ ಇರೋದು ಸರಿಯಲ್ಲ. ಅನುವಾದ ಮಾಡೋರು, ಪ್ರಕಟ ಮಾಡೋರು ಯಾರಾದ್ರೂ ಇದನ್ನ ಓದ್ತಿದ್ರೆ ಒಂದು ಸಂಜೆ ಈ ಅಂಗಡಿಗೆ ಹೋಗಿ ಯಜಮಾನ್ರ ಹತ್ರ ಕೂತು ಮಾತಾಡಿ, ಯಾವುದರಿಂದ ಶುರು ಮಾಡ್ಬೇಕು ಅಂತ ಅವರು ಹೇಳ್ತಾರೆ.

ಕೌಂಟರ್ ಮೇಲೆ ಒಂದು ಲಾಂಗ್ ನೋಟ್‌ಬುಕ್ ಇದೆ, ಬೇಕಾದ ಪುಸ್ತಕದ ಹೆಸರು ಅದರಲ್ಲಿ ಬರೀಬಹುದು, ಒಂದೇ ಪುಸ್ತಕವನ್ನ ಇಬ್ಬರು ಮೂವರು ಕೇಳಿದ್ರೆ ಬೇಗ ತರಿಸ್ತಾರೆ. ಹೂಶಂಗ್ ಗೋಲ್‌ಶಿರಿ ಅವರ 'ದಿ ಪ್ರಿನ್ಸ್' ಯಾರೋ ಆಗಲೇ ಬರೆದಿದ್ದಾರೆ. ನಾನು ಫರೀಬಾ ವಫಿ ಅವರ 'ಮೈ ಬರ್ಡ್' ಬರೆದಿದೀನಿ, ನೀವು ಹೋದ್ರೆ ಅದರ ಕೆಳಗೆ ನಿಮ್ಮ ಹೆಸರೂ ಸೇರಿಸಿ.